ಕಾಣದ ನಾಣ್ಯದ ಗಣಿ: ಹವ್ಯಾಸ, ವ್ಯಾಪಾರ, ಕಾನೂನು

ಗಣಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕನ್ನಡಿಗನ ಮನಸ್ಸಿನಲ್ಲಿ ಮೂಡುವ ಚಿತ್ರ ಕೋಲಾರದ್ದು. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಸಂಸ್ಥೆಯವರು ಅಲ್ಲಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳ ಬಾಗಿಲು ಮುಚ್ಚುವವರೆಗೆ ಆ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂದಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ತಂತಿಯೆಳೆದು ವಿದ್ಯುತ್ತನ್ನು ಒಯ್ದದ್ದೂ ಆ ಗಣಿಗಳಿಗಾಗಿಯೇ. ಮೊದಮೊದಲು ಮೇಲ್ಪದರದಲ್ಲಿ ಸುಲಭವಾಗಿ ದೊರೆಯುತ್ತಿದ್ದ ಚಿನ್ನಕ್ಕಾಗಿ ಕೊನೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಬೇಕಾಯಿತು. ಹೊರತೆಗೆದ ಚಿನ್ನದ ಬೆಲೆಗಿಂತ ಅದನ್ನು ತೆಗೆಯುವ ಖರ್ಚೇ ಮಿಗಿಲಾದಾಗ ಗಣಿಯ ಆಯುಷ್ಯ ಮುಗಿಯಿತು.

ಈಗ ಮತ್ತೊಂದು ಬಗೆಯ ಗಣಿಗಾರಿಕೆಯ ಮಾತು ಮಹಾನಗರಗಳ ಲೋಕಲ್ ರೈಲಿನಲ್ಲಿ, ಕಚೇರಿಯ ಊಟದ ವೇಳೆಯಲ್ಲಿ, ಮದುವೆಯ ಮಂಟಪದಲ್ಲಿಯೂ ಕೇಳಿಬರುತ್ತಿದೆ. ಇಲ್ಲಿ ಅಗೆಯಲು ನೆಲವಿಲ್ಲ, ಹಿಡಿಯಲು ಗುದ್ದಲಿಯಿಲ್ಲ; ದೊರೆಯುವ ನಾಣ್ಯವನ್ನು ಕೈಯಲ್ಲಿ ಹಿಡಿಯುವಂತೆಯೂ ಇಲ್ಲ. ಆದರೆ ವಿದ್ಯುತ್ತು, ಶ್ರಮ ಮತ್ತು ಇಳುವರಿ ಎಂಬ ಕೋಲಾರದ ಮೂರು ಲೆಕ್ಕಗಳು ಇಲ್ಲಿಯೂ ತಪ್ಪಿದ್ದಲ್ಲ. ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೊ ನಾಣ್ಯಗಳ ವಿಷಯದಲ್ಲಿ ಕುತೂಹಲ ತಳೆದ ಹವ್ಯಾಸಿಗಳು ಇಂದು ಅನೇಕರಿದ್ದಾರೆ. ಆ ಕುತೂಹಲ ಸ್ವಾಗತಾರ್ಹವಾದುದೇ. ಅದು ಸಂಸಾರದ ಉಳಿತಾಯದ ಮೇಲೆ ಕೈಯಿಡುವ ಮುನ್ನ ವಿಷಯದ ಒಳಹೊರಗನ್ನು ಅರಿಯುವುದು ಅವಶ್ಯ.

ಹುಟ್ಟಿದ ಬಗೆ

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿಯೆದ್ದಿತು. ಜಗತ್ತಿನ ಬ್ಯಾಂಕುಗಳ ಮೇಲಿನ ನಂಬಿಕೆ ಅಲುಗಾಡುತ್ತಿದ್ದ ಆ ದಿನಗಳಲ್ಲಿಯೇ, ಅಕ್ಟೋಬರ್ 31ರಂದು, ಸತೋಷಿ ನಾಕಾಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಒಂದು ಪ್ರಬಂಧ ಹೊರಬಂದಿತು. ನಡುವೆ ಯಾವ ಬ್ಯಾಂಕಿನ ನೆರವೂ ಇಲ್ಲದೆ ಒಬ್ಬನಿಂದ ಮತ್ತೊಬ್ಬನಿಗೆ ನೇರವಾಗಿ ಹಣ ಕಳುಹಿಸುವ ವಿಧಾನವೇ ಅದರ ವಿಷಯ. ಆ ಹೆಸರಿನ ಹಿಂದಿರುವುದು ಒಬ್ಬ ವ್ಯಕ್ತಿಯೋ ಒಂದು ತಂಡವೋ ಎಂಬುದು ಇಂದಿಗೂ ರಹಸ್ಯವೇ. 2009ರ ಜನವರಿ 3ರಂದು ಬಿಟ್‌ಕಾಯಿನ್ ಲೆಕ್ಕದ ಮೊದಲ ಪುಟ ಬರೆಯಲ್ಪಟ್ಟಿತು. ಬ್ಯಾಂಕುಗಳಿಗೆ ಎರಡನೆಯ ಬಾರಿ ಸರಕಾರದ ಹಣ ನೀಡುವ ವಿಷಯವಾಗಿ ಅಂದಿನ ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಬಂದ ತಲೆಬರಹವನ್ನು ಆ ಪುಟದಲ್ಲಿಯೇ ಅಡಗಿಸಿಡಲಾಗಿತ್ತು. ಅದರ ಹಿಂದಿನ ಮನೋಭಾವ ಯಾವುದೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ಮೊದಲಿಗೆ ಇದು ಕಂಪ್ಯೂಟರ್ ಪ್ರಿಯರ ಆಟವಾಗಿತ್ತು. 2010ರ ಮೇ 22ರಂದು ಅಮೆರಿಕದ ಫ್ಲಾರಿಡಾದಲ್ಲಿ ಲಾಸ್ಲೊ ಹಾನ್ಯೆಟ್ಸ್ ಎಂಬ ಹವ್ಯಾಸಿ ಎರಡು ಪಿಜ್ಜಾಗಳಿಗಾಗಿ 10,000 ಬಿಟ್‌ಕಾಯಿನ್ ತೆತ್ತ. ಒಂದು ಬಿಟ್‌ಕಾಯಿನ್‌ನ ಬೆಲೆ 2024ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ 1 ಲಕ್ಷ ಡಾಲರನ್ನು ದಾಟಿದಾಗ ಆ ಪಿಜ್ಜಾಗಳ ಕಥೆ ಜಗತ್ತಿನಲ್ಲೆಲ್ಲ ಮತ್ತೆ ಕೇಳಿಬಂದಿತು. ಜನ ಆ ಕಥೆಯನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಅಂದು ಆ ನಾಣ್ಯಕ್ಕೆ ಅನ್ನ ಕೊಳ್ಳುವ ಶಕ್ತಿಯಿದೆಯೆಂದು ತೋರಿಸಿಕೊಟ್ಟವನು ಆತನೇ ಎಂಬುದನ್ನು ಮಾತ್ರ ಮರೆಯುತ್ತಾರೆ.

ಯಾರೂ ಒಡೆಯರಲ್ಲದ ಕಿರ್ದಿ

ದಕ್ಷಿಣ ಕನ್ನಡದ ಮೂಲದವರಿಗೆ ಬ್ಯಾಂಕು ಎಂದರೆ ಏನೆಂಬುದನ್ನು ಹೇಳಿಕೊಡಬೇಕಾಗಿಲ್ಲ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕು ಎಂದು ಹೆಸರಾದ ಸಂಸ್ಥೆ 'ಪಿಗ್ಮಿ' ಠೇವಣಿಯನ್ನು ಆರಂಭಿಸಿತು. ಅದರ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಪಡೆದು ಚೀಟಿ ಬರೆದುಕೊಡುತ್ತಿದ್ದ. ಅಲ್ಲಿ ನಡೆದದ್ದು ನಂಬಿಕೆಯ ವ್ಯವಹಾರ. ಲೆಕ್ಕದ ಪುಸ್ತಕ ಬ್ಯಾಂಕಿನ ಕೈಯಲ್ಲಿತ್ತು. ಗುಮಾಸ್ತ ಬರೆಯುತ್ತಿದ್ದ, ಅಧಿಕಾರಿ ತಾಳೆ ನೋಡುತ್ತಿದ್ದ, ಲೆಕ್ಕಪರಿಶೋಧಕ ಪರೀಕ್ಷಿಸುತ್ತಿದ್ದ.

ಬಿಟ್‌ಕಾಯಿನ್ ವ್ಯವಸ್ಥೆಯಲ್ಲಿ ಆ ಪುಸ್ತಕ ಯಾರೊಬ್ಬರ ಕೈಯಲ್ಲಿಯೂ ಇರುವುದಿಲ್ಲ. ಅದರ ಸಾವಿರಾರು ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುತ್ತವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಆ ಕಿರ್ದಿಗೆ ಒಂದು ಹೊಸ ಪುಟ ಸೇರುತ್ತದೆ. ಪ್ರತಿಯೊಂದು ಪುಟದಲ್ಲಿಯೂ ಅದರ ಹಿಂದಿನ ಪುಟದ 'ಹ್ಯಾಶ್', ಅಂದರೆ ಬೆರಳಚ್ಚಿನಂತಹ ಒಂದು ಸಂಖ್ಯೆ, ನಮೂದಾಗಿರುತ್ತದೆ. ಹಳೆಯ ಪುಟದಲ್ಲಿ ಒಂದಕ್ಷರ ತಿದ್ದಿದರೂ ಅದರ ಬೆರಳಚ್ಚು ಬದಲಾಗುತ್ತದೆ. ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ. ಆದುದರಿಂದ ಕಳ್ಳಲೆಕ್ಕ ಒಡನೆಯೇ ಬಯಲಾಗುತ್ತದೆ. ಈ ಪುಟಗಳ ಸರಪಣಿಗೇ ಬ್ಲಾಕ್‌ಚೈನ್ ಎಂದು ಹೆಸರು.

ಹೊಸ ಪುಟ ಬರೆಯುವ ಹಕ್ಕು ಯಾರದು? ಅದಕ್ಕೊಂದು ಸ್ಪರ್ಧೆಯಿದೆ. ಪುಟದೊಡನೆ ಸೇರಿಸಿದಾಗ ಅದರ ಬೆರಳಚ್ಚು ಗೊತ್ತುಪಡಿಸಿದ ಮಿತಿಗಿಂತ ಕಡಿಮೆಯಾಗುವಂತಹ ಒಂದು ಸಂಖ್ಯೆಯನ್ನು ಮೊದಲು ಕಂಡುಹಿಡಿದವನಿಗೆ ಆ ಹಕ್ಕು. ಇದನ್ನು ಕಠಿಣ ಗಣಿತವೆಂದು ಕೆಲವರು ವರ್ಣಿಸುವುದುಂಟು. ವಾಸ್ತವವಾಗಿ ಇದು ಅಂಕಿಗಳ ಬೀಗವನ್ನು ಒಂದೊಂದೇ ಸಂಖ್ಯೆ ತಿರುಗಿಸುತ್ತ ತೆರೆಯುವ ಪ್ರಯತ್ನದಂತೆ. ಜಾಣತನಕ್ಕೆ ಇಲ್ಲಿ ಎಡೆಯಿಲ್ಲ, ವೇಗಕ್ಕೆ ಮಾತ್ರ ಬೆಲೆ. ಗೆದ್ದವನಿಗೆ ಹೊಸ ನಾಣ್ಯಗಳ ಬಹುಮಾನ. ಇದೇ ಗಣಿಗಾರಿಕೆ.

ಬಹುಮಾನ 2009ರಲ್ಲಿ ಪುಟವೊಂದಕ್ಕೆ 50 ಬಿಟ್‌ಕಾಯಿನ್ ಇತ್ತು. ಪ್ರತಿ 2,10,000 ಪುಟಗಳಿಗೊಮ್ಮೆ ಅದು ಅರ್ಧವಾಗುತ್ತದೆ: 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25, 2024ರ ಏಪ್ರಿಲಿನಲ್ಲಿ 3.125. ಒಟ್ಟು ನಾಣ್ಯಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಎಂದಿಗೂ ಮೀರುವಂತಿಲ್ಲ. ಇದಲ್ಲದೆ, ಸ್ಪರ್ಧಿಗಳು ಹೆಚ್ಚಿದಂತೆ ಬೀಗವೂ ಬಿಗಿಯಾಗುತ್ತದೆ. ಪ್ರತಿ 2,016 ಪುಟಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಕಾಠಿಣ್ಯವನ್ನು ವ್ಯವಸ್ಥೆಯೇ ಸರಿಪಡಿಸಿಕೊಳ್ಳುತ್ತದೆ. ಅಗೆಯುವ ಕೈಗಳು ಎಷ್ಟೇ ಹೆಚ್ಚಲಿ, ಚಿನ್ನ ಮಾತ್ರ ಗೊತ್ತಾದ ಪ್ರಮಾಣದಲ್ಲಿಯೇ ದೊರೆಯುವ ವಿಚಿತ್ರ ಗಣಿಯಿದು.

ಹವ್ಯಾಸಿಯ ಜಮಾ-ಖರ್ಚು

ಆರಂಭದ ದಿನಗಳಲ್ಲಿ ಮನೆಯ ಸಾಧಾರಣ ಕಂಪ್ಯೂಟರಿನಿಂದಲೇ ನಾಣ್ಯ ಗಳಿಸಬಹುದಾಗಿತ್ತು. 2010ರ ಅನಂತರ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳು ಈ ಕೆಲಸಕ್ಕೆ ಬಂದವು. 2013ರಿಂದ ಇದೊಂದನ್ನೇ ಮಾಡುವ ವಿಶೇಷ ಯಂತ್ರಗಳು ಬಂದು ಮನೆಯ ಕಂಪ್ಯೂಟರನ್ನು ಕಣದಿಂದ ಹೊರಗಟ್ಟಿದವು. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ವಾಸಿಸುವ ಒಬ್ಬ ಕನ್ನಡಿಗ ಹವ್ಯಾಸಿಯನ್ನು ಇಲ್ಲಿ ಊಹಿಸಿಕೊಳ್ಳಬಹುದು. ಸೆಕೆಂಡಿಗೆ 110 ಟೆರಾಹ್ಯಾಶ್ ಸಾಮರ್ಥ್ಯದ, 3,250 ವಾಟ್ ವಿದ್ಯುತ್ ಬೇಡುವ ಒಂದು ಯಂತ್ರವನ್ನು ಆತ ತಂದನೆಂದಿಟ್ಟುಕೊಳ್ಳೋಣ.

ದಿನಕ್ಕೆ 24 ಗಂಟೆ ನಡೆದರೆ ಅದು 78 ಯೂನಿಟ್ ನುಂಗುತ್ತದೆ; ತಿಂಗಳಿಗೆ 2,340 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಎಂದು ಹಿಡಿದರೂ ವಿದ್ಯುತ್ ಬಿಲ್ಲು 23,400 ರೂಪಾಯಿ. ಇನ್ನು ಜಮೆಯ ಕಡೆ ನೋಡಬೇಕು. ಜಗತ್ತಿನ ಎಲ್ಲ ಗಣಿಗಾರರ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 900 ಎಕ್ಸಾಹ್ಯಾಶ್ ಎಂದು ಇಟ್ಟುಕೊಂಡರೆ, ಆತನ ಪಾಲು ಸುಮಾರು 82 ಲಕ್ಷದಲ್ಲಿ ಒಂದು ಭಾಗ. ಒಂಟಿಯಾಗಿ ದುಡಿದರೆ ಒಂದು ಪುಟದ ಬಹುಮಾನ ದೊರೆಯಲು ಸರಾಸರಿ 155 ವರ್ಷ ಕಾಯಬೇಕು! ಆದುದರಿಂದ ಇಂತಹವರು ಕೂಟಗಳಲ್ಲಿ ಸೇರಿ, ಬಂದುದನ್ನು ಪಾಲಿನ ಪ್ರಕಾರ ಹಂಚಿಕೊಳ್ಳುತ್ತಾರೆ. ದಿನಕ್ಕೆ ಜಗತ್ತಿನಾದ್ಯಂತ ಹುಟ್ಟುವ 450 ಬಿಟ್‌ಕಾಯಿನ್‌ಗಳಲ್ಲಿ ಆತನ ತಿಂಗಳ ಪಾಲು ಸುಮಾರು 0.00165. ಒಂದು ಬಿಟ್‌ಕಾಯಿನ್‌ಗೆ 90 ಲಕ್ಷ ರೂಪಾಯಿ ಬೆಲೆ ಹಿಡಿದರೆ 14,850 ರೂಪಾಯಿ. ಖರ್ಚು 23,400, ಆದಾಯ 14,850. ಯಂತ್ರದ ಬೆಲೆ, ಅದರ ಸವಕಳಿ, ಕೂಟದ ಶುಲ್ಕ ಇವುಗಳನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಾಣ್ಯದ ಬೆಲೆ ಏರಿದರೆ ಈ ಲೆಕ್ಕ ಸುಧಾರಿಸೀತು ಎನ್ನಬಹುದು. ಆದರೆ ಬೆಲೆ ಏರಿದಾಗ ಹೊಸ ಯಂತ್ರಗಳು ಕಣಕ್ಕಿಳಿದು ಪಾಲು ಮತ್ತೂ ಕಿರಿದಾಗುವುದೇ ಈ ಗಣಿಯ ಸ್ವಭಾವ.

ಹಣಕ್ಕಿಂತ ಮಿಗಿಲಾದ ಮತ್ತೊಂದು ವೆಚ್ಚವಿದೆ. ಆ ಯಂತ್ರ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ಮೂರು ಹೀಟರುಗಳನ್ನು ಹಗಲಿರುಳು ಉರಿಸಿದಂತೆ ಅದು. ಅದರ ಬೀಸಣಿಗೆಗಳ ಸದ್ದು ಸುಮಾರು 75 ಡೆಸಿಬೆಲ್. ಅಡಿಗೆಮನೆಯ ಮಿಕ್ಸರ್ ಎಡೆಬಿಡದೆ ತಿರುಗುತ್ತಿರುವ ಮನೆಯಲ್ಲಿ ವೃದ್ಧರ ನಿದ್ರೆಯ ಗತಿಯೇನು, ಪರೀಕ್ಷೆಗೆ ಓದುವ ಮಕ್ಕಳ ಪಾಡೇನು? ಹಳೆಯ ಕಟ್ಟಡಗಳ ತಂತಿಗಳು ಇಂತಹ ಹೊರೆಯನ್ನು ನಿರಂತರವಾಗಿ ಹೊರುವಂತೆ ರಚಿತವಾದವುಗಳಲ್ಲ. ಬೆಂಕಿಯ ಅಪಾಯ ಕೇವಲ ಊಹೆಯಲ್ಲ.

ಹಾಗಾದರೆ ಹವ್ಯಾಸಿಗೆ ದಾರಿಯೇ ಇಲ್ಲವೇ? ಇದೆ. ಒಂದು ಹಳೆಯ ಕಂಪ್ಯೂಟರು ಮತ್ತು ಒಂದು ಟೆರಾಬೈಟಿನ ಡಿಸ್ಕು ಇದ್ದರೆ, 600 ಗಿಗಾಬೈಟಿಗೂ ಮಿಗಿಲಾದ ಬಿಟ್‌ಕಾಯಿನ್ ಕಿರ್ದಿಯ ಪೂರ್ಣ ಪ್ರತಿಯನ್ನು ಮನೆಯಲ್ಲಿಯೇ ಇರಿಸಿಕೊಂಡು, 2009ರ ಮೊದಲ ಪುಟದಿಂದ ಇಂದಿನ ಪುಟದವರೆಗೆ ತಾನೇ ತಾಳೆ ನೋಡಬಹುದು. ಇದರಿಂದ ಕಾಸು ಬಾರದು; ವ್ಯವಸ್ಥೆಯ ಒಳಗುಟ್ಟು ತಿಳಿಯುತ್ತದೆ. ಅಂಚೆಚೀಟಿ ಸಂಗ್ರಹಿಸುವವರು, ಹ್ಯಾಮ್ ರೇಡಿಯೋ ನಡೆಸುವವರು ಪಡೆಯುವ ಸಂತೋಷ ಇದೇ ಜಾತಿಯದು.

ಮುಚ್ಚದ ಮಾರುಕಟ್ಟೆ

ಗಣಿಗಾರಿಕೆಯಲ್ಲಿ ಲಾಭ ಕಾಣದವರು ವ್ಯಾಪಾರದತ್ತ ತಿರುಗುತ್ತಾರೆ. ಬಿಟ್‌ಕಾಯಿನ್‌ನ ಬೆಲೆ 2017ರ ಡಿಸೆಂಬರಿನಲ್ಲಿ 20,000 ಡಾಲರಿನ ಹತ್ತಿರ ಬಂದು, ಒಂದೇ ವರ್ಷದಲ್ಲಿ 4,000ಕ್ಕಿಂತ ಕೆಳಗಿಳಿಯಿತು. 2021ರ ನವೆಂಬರಿನಲ್ಲಿ ಸುಮಾರು 69,000ಕ್ಕೇರಿ, ಮರುವರ್ಷದ ನವೆಂಬರಿನಲ್ಲಿ 16,000ದ ಆಸುಪಾಸಿಗೆ ಬಂದಿತು. ಕಂಪನಿಯ ಷೇರಿನ ಹಿಂದೆ ಕಾರ್ಖಾನೆ, ಸರಕು, ಲಾಭ ಇರುತ್ತವೆ. ಸರಕಾರಿ ಸಾಲಪತ್ರದ ಹಿಂದೆ ತೆರಿಗೆಯ ಬಲವಿರುತ್ತದೆ. ಇಲ್ಲಿ ಮುಂದೆ ಕೊಳ್ಳುವವನ ಆಸೆಯೇ ಬೆಲೆಗೆ ಮುಖ್ಯ ಆಧಾರ.

ಮುಂಬಯಿಯ ಷೇರುಪೇಟೆ ಮಧ್ಯಾಹ್ನ ಮೂರೂವರೆಗೆ ಮುಚ್ಚುತ್ತದೆ. ಶನಿವಾರ, ಭಾನುವಾರ ವಿಶ್ರಾಂತಿ ಪಡೆಯುತ್ತದೆ. ಕ್ರಿಪ್ಟೊ ಪೇಟೆಗೆ ಹಗಲಿಲ್ಲ, ಇರುಳಿಲ್ಲ, ದೀಪಾವಳಿಯಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರಗೊಂಡು ಮೊಬೈಲಿನಲ್ಲಿ ಬೆಲೆ ನೋಡುವುದು, ನಷ್ಟವನ್ನು ತುಂಬಿಕೊಳ್ಳಲು ಮತ್ತಷ್ಟು ಹಣ ಹಾಕುವುದು, ಹೆಂಡತಿ ಮಕ್ಕಳಿಂದ ಮೊತ್ತವನ್ನು ಮರೆಮಾಚುವುದು, ಸಣ್ಣ ಮಾತಿಗೂ ಸಿಡುಕುವುದು: ಇವು ಜೂಜಿನ ವ್ಯಸನದ ಲಕ್ಷಣಗಳೇ ಹೊರತು ಹೂಡಿಕೆಯ ಲಕ್ಷಣಗಳಲ್ಲ. ಈ ಚಿಹ್ನೆಗಳು ಕಂಡಾಗ ನಾಚಿಕೊಳ್ಳದೆ ಮನೋವೈದ್ಯರ ಸಲಹೆ ಪಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿ 2014ರಲ್ಲಿ 'ಷಟ್' ಎಂಬ ವಿಶೇಷ ಚಿಕಿತ್ಸಾಲಯವನ್ನು ತೆರೆಯಿತು. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416.

ಕಾನೂನಿನ ನಡೆ

ಭಾರತೀಯ ರಿಸರ್ವ್ ಬ್ಯಾಂಕು 2013ರ ಡಿಸೆಂಬರಿನಲ್ಲಿಯೇ ಸಾರ್ವಜನಿಕರನ್ನು ಈ ವಿಷಯವಾಗಿ ಎಚ್ಚರಿಸಿತು. 2018ರ ಏಪ್ರಿಲ್ 6ರ ಸುತ್ತೋಲೆಯಲ್ಲಿ, ತನ್ನ ನಿಯಂತ್ರಣಕ್ಕೊಳಪಟ್ಟ ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಸ್ಥರಿಗೆ ಸೇವೆ ನೀಡಕೂಡದೆಂದು ಆದೇಶಿಸಿತು. ಆ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಒಂದು ವಾಣಿಜ್ಯ ಸಂಕೀರ್ಣದಲ್ಲಿ ಸ್ಥಾಪಿಸಿದ್ದ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯ, ಬ್ಯಾಂಕುಗಳಿಗೆ ಯಾವ ಹಾನಿಯಾಗಿದೆಯೆಂಬುದನ್ನು ತೋರಿಸದೆ ಇಂತಹ ಕಠಿಣ ಕ್ರಮ ಕೈಗೊಳ್ಳುವುದು ಅಳತೆ ಮೀರಿದುದೆಂದು ಆ ಸುತ್ತೋಲೆಯನ್ನು ರದ್ದುಗೊಳಿಸಿತು. ಆದರೆ ಆ ತೀರ್ಪು ಕ್ರಿಪ್ಟೊವನ್ನು ರೂಪಾಯಿಗೆ ಸಮನಾದ ಅಧಿಕೃತ ಹಣವನ್ನಾಗಿ ಮಾಡಲಿಲ್ಲ. ನಿಷೇಧವೂ ಇಲ್ಲದ, ಮಾನ್ಯತೆಯೂ ಇಲ್ಲದ ನಡುಸ್ಥಿತಿ ಅಲ್ಲಿಂದ ಮುಂದುವರಿಯಿತು.

2022ರ ಹಣಕಾಸು ಕಾಯ್ದೆ ತೆರಿಗೆಯ ಬಲೆಯನ್ನು ಬೀಸಿತು. ಆ ವರ್ಷದ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡಾ 30ರ ತೆರಿಗೆ. ಜುಲೈ 1ರಿಂದ ವರ್ಗಾವಣೆಯ ಮೊತ್ತದ ಮೇಲೆ ಶೇಕಡಾ 1ರಂತೆ ಮೂಲದಲ್ಲಿಯೇ ಕಡಿತ. ಕೊಂಡ ಬೆಲೆಯ ಹೊರತು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ; ಒಂದರ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಹೊಂದಿಸುವಂತಿಲ್ಲ. ಒಂದು ನಾಣ್ಯದಲ್ಲಿ 1 ಲಕ್ಷ ಲಾಭ, ಮತ್ತೊಂದರಲ್ಲಿ 1 ಲಕ್ಷ ನಷ್ಟವಾದರೆ ಕೈಯಲ್ಲಿ ಉಳಿದದ್ದು ಸೊನ್ನೆ. ಆದರೂ ಸೆಸ್ ಸೇರಿ 31,200 ರೂಪಾಯಿ ತೆರಿಗೆ ಕಟ್ಟಬೇಕು. ಗಣಿಗಾರಿಕೆಯ ಸಲಕರಣೆಗಳ ವೆಚ್ಚವನ್ನು ಕೊಂಡ ಬೆಲೆಯೆಂದು ಪರಿಗಣಿಸಲಾಗದೆಂದು ಸರಕಾರ 2022ರ ಮಾರ್ಚಿನಲ್ಲಿ ಸಂಸತ್ತಿಗೆ ತಿಳಿಸಿತು. ಡೊಂಬಿವಲಿಯ ಹವ್ಯಾಸಿ ಈಗಾಗಲೇ ನಷ್ಟದಲ್ಲಿ ನಿಂತಿದ್ದಾನೆ. ಆ 14,850 ರೂಪಾಯಿಗಳ ಮೇಲೆ ಆತ ಸುಮಾರು 4,600 ರೂಪಾಯಿ ತೆರಿಗೆಯನ್ನೂ ತೆರಬೇಕಾಗುತ್ತದೆ. 2023ರ ಮಾರ್ಚಿನಿಂದ ಕ್ರಿಪ್ಟೊ ವಿನಿಮಯ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು.

ಹೊರದೇಶಗಳ ನಡೆಯೂ ಒಂದೇ ಬಗೆಯದಲ್ಲ. ಚೀನಾ 2021ರಲ್ಲಿ ಗಣಿಗಾರಿಕೆಯನ್ನೂ ವ್ಯಾಪಾರವನ್ನೂ ನಿಷೇಧಿಸಿತು. ಅದೇ ವರ್ಷ ಎಲ್ ಸಾಲ್ವಡಾರ್ ಬಿಟ್‌ಕಾಯಿನ್‌ಗೆ ಅಧಿಕೃತ ಹಣದ ಸ್ಥಾನ ನೀಡಿ, 2025ರ ಆರಂಭದಲ್ಲಿ ಹಿಂದೆಗೆಯಿತು. ಐರೋಪ್ಯ ಒಕ್ಕೂಟದ ಸಮಗ್ರ ಕಾನೂನು 2024ರ ಡಿಸೆಂಬರ್ 30ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ವಿದ್ಯುತ್ತಿನ ವಿಷಯದಲ್ಲಿ ಎಥೀರಿಯಮ್ ಎಂಬ ಎರಡನೆಯ ಪ್ರಮುಖ ನಾಣ್ಯ 2022ರ ಸೆಪ್ಟೆಂಬರಿನಲ್ಲಿ ಗಣಿಗಾರಿಕೆಯನ್ನೇ ತೊರೆದು, ತನ್ನ ವಿದ್ಯುತ್ ಬಳಕೆಯನ್ನು ಶೇಕಡಾ 99ಕ್ಕೂ ಹೆಚ್ಚು ತಗ್ಗಿಸಿತು.

ಆಸೆಯ ಬಲೆ

ಗಣಿಯ ಹೆಸರಿನಲ್ಲಿ ನಡೆದ ವಂಚನೆಯ ಆರೋಪಗಳೂ ಕಡಿಮೆಯಲ್ಲ. 2018ರಲ್ಲಿ ಪುಣೆಯ ಪೊಲೀಸರು ಕೈಗೆತ್ತಿಕೊಂಡ 'ಗೇನ್‌ಬಿಟ್‌ಕಾಯಿನ್' ಪ್ರಕರಣದಲ್ಲಿ, ಗಣಿಗಾರಿಕೆಯ ಲಾಭವೆಂದು ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಕೊಡುವ ಭರವಸೆ ನೀಡಲಾಗಿತ್ತೆಂಬುದು ಆರೋಪ. 2023ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತನಿಖೆಯನ್ನು ಸಿ.ಬಿ.ಐ.ಗೆ ವಹಿಸಿತು. ಬಹುಮಾನ ಅರ್ಧಕ್ಕಿಳಿಯುತ್ತ, ಕಾಠಿಣ್ಯ ಏರುತ್ತ ಹೋಗುವ ಗಣಿಯಿಂದ ತಿಂಗಳು ತಿಂಗಳೂ ಒಂದೇ ಲಾಭ ಬರುವುದು ಹೇಗೆ ಎಂಬ ಒಂದೇ ಪ್ರಶ್ನೆ ಕೇಳಿದ್ದರೆ ಅನೇಕ ಮನೆಗಳು ಉಳಿಯುತ್ತಿದ್ದವು. ವಿನಿಮಯ ಕೇಂದ್ರಗಳೂ ಅಭೇದ್ಯವಲ್ಲ. 2014ರಲ್ಲಿ ಟೋಕಿಯೋದ ಮೌಂಟ್ ಗಾಕ್ಸ್, 2022ರಲ್ಲಿ ಎಫ್.ಟಿ.ಎಕ್ಸ್. ಕುಸಿದವು. 2024ರ ಜುಲೈನಲ್ಲಿ ಭಾರತೀಯ ಗ್ರಾಹಕರ ವಜೀರ್‌ಎಕ್ಸ್ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು. ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷದವರೆಗೆ ವಿಮೆಯ ರಕ್ಷಣೆಯಿದೆ. ಇಲ್ಲಿ ಅಂತಹ ರಕ್ಷಣೆಯಿಲ್ಲ. ವಂಚನೆಗೊಳಗಾದವರು ಒಡನೆಯೇ 1930 ಸಂಖ್ಯೆಗೆ ದೂರು ಕೊಡಬೇಕು. ತಡಮಾಡಿದಷ್ಟೂ ಹಣ ದೂರ ಸಾಗುತ್ತದೆ.

ಕೀಲಿ ಯಾರ ಕೈಯಲ್ಲಿ?

ಎಲ್ಲಕ್ಕಿಂತ ಮಿಗಿಲಾಗಿ ಯೋಚಿಸಬೇಕಾದ ವಿಷಯವೊಂದಿದೆ. ಬ್ಯಾಂಕಿನ ಖಾತೆದಾರ ಕಾಲವಾದರೆ ನಾಮನಿರ್ದೇಶಿತರು ಮರಣಪತ್ರ ತಂದು ಹಣ ಪಡೆಯುತ್ತಾರೆ. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಕೂಡ ರಿಸರ್ವ್ ಬ್ಯಾಂಕು 2023ರಲ್ಲಿ ತೆರೆದ 'ಉದ್ಗಮ್' ತಾಣದಲ್ಲಿ ಹುಡುಕಬಹುದು. ಬಿಟ್‌ಕಾಯಿನ್‌ನ ಒಡೆತನವಾದರೋ ಒಂದು ಗುಪ್ತ ಕೀಲಿಯ ಮೇಲೆ ನಿಂತಿದೆ. ಅದನ್ನು ಸಾಮಾನ್ಯವಾಗಿ 12 ಅಥವಾ 24 ಪದಗಳ ಸಾಲಾಗಿ ಬರೆದಿಡುತ್ತಾರೆ. ಆ ಚೀಟಿ ಕಳೆದರೆ ಅರ್ಜಿ ಕೊಡಲು ಕಚೇರಿಯಿಲ್ಲ, ಕೇಳಲು ವ್ಯವಸ್ಥಾಪಕನಿಲ್ಲ. ಯಾವ ನ್ಯಾಯಾಲಯದ ಆದೇಶವೂ ಆ ಬೀಗವನ್ನು ತೆರೆಯಲಾರದು.

2018ರ ಡಿಸೆಂಬರಿನಲ್ಲಿ ಕೆನಡಾದ ಕ್ವಾಡ್ರಿಗಾ ಎಂಬ ವಿನಿಮಯ ಕೇಂದ್ರದ ಯುವ ಸ್ಥಾಪಕ ಜಯಪುರದಲ್ಲಿ ತೀರಿಕೊಂಡ. ಕೀಲಿಗಳು ಆತನೊಬ್ಬನಿಗೇ ಗೊತ್ತಿದ್ದವೆಂದು ಸಂಸ್ಥೆ ಹೇಳಿತು; 76,000ಕ್ಕೂ ಹೆಚ್ಚು ಜನರ ಹಣ ನಿಂತುಹೋಯಿತು. ಅದರಲ್ಲಿ ಬಹುಭಾಗವನ್ನು ಆತ ಮೊದಲೇ ಕಳೆದಿದ್ದನೆಂದು ಒಂಟಾರಿಯೋದ ನಿಯಂತ್ರಕರು 2020ರಲ್ಲಿ ವರದಿ ಮಾಡಿದರು. ಕೀಲಿಯನ್ನು ಪರರ ಕೈಗೆ ಕೊಟ್ಟರೆ ಅವರ ಪ್ರಾಮಾಣಿಕತೆಯ ಭಯ. ತನ್ನಲ್ಲಿಯೇ ಇರಿಸಿಕೊಂಡರೆ ತನ್ನ ಆಯುಷ್ಯದ ಭಯ. ಬ್ಯಾಂಕನ್ನು ನಂಬದವನು ತಾನೇ ಬ್ಯಾಂಕಾಗಬೇಕು. ಬ್ಯಾಂಕು ಹೊರುವ ಜವಾಬ್ದಾರಿಯನ್ನೆಲ್ಲ ಒಬ್ಬನೇ ಹೊರಬೇಕು.

ಊರು ಬಿಟ್ಟು ಬಂದು, ಬಾಡಿಗೆ ಕೋಣೆಯಿಂದ ಆರಂಭಿಸಿ, ಪೈಸೆಗೆ ಪೈಸೆ ಕೂಡಿಸಿ ಒಂದು ಮನೆ, ಮಕ್ಕಳ ವಿದ್ಯಾಭ್ಯಾಸ, ಇಳಿವಯಸ್ಸಿಗೊಂದಿಷ್ಟು ಆಸರೆ ಎಂದು ಕಟ್ಟಿಕೊಂಡವರ ಉಳಿತಾಯ ಪ್ರಯೋಗದ ವಸ್ತುವಲ್ಲ. ವಿದ್ಯೆಗಾಗಿ ಕಲಿಯಬೇಕೆನ್ನುವವರು ಕಲಿಯಲಿ. ಪೂರ್ತಿ ಹೋದರೂ ಮನೆಯ ಅಡಿಗೆ ನಿಲ್ಲದಷ್ಟು ಮೊತ್ತವನ್ನು ಮಾತ್ರ ತೊಡಗಿಸಲಿ. ಸಾಲ ಮಾಡಿ, ಭವಿಷ್ಯನಿಧಿ ತೆಗೆದು, ಹೆಂಡತಿಯ ಒಡವೆ ಅಡವಿಟ್ಟು ಈ ಗಣಿಗೆ ಇಳಿಯಕೂಡದು. ತೆರಿಗೆಯ ಲೆಕ್ಕವನ್ನು ವರ್ಷವರ್ಷವೂ ಬರೆದಿಡಬೇಕು. ಎಷ್ಟಿದೆ, ಎಲ್ಲಿದೆ, ಕೀಲಿಯ ಚೀಟಿ ಯಾವ ಕಪಾಟಿನಲ್ಲಿದೆ ಎಂಬುದನ್ನು ಮನೆಯ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿರಬೇಕು. ಹಾಗೆ ಹೇಳಲು ಸಂಕೋಚವಾಗುವಷ್ಟು ದೊಡ್ಡ ಮೊತ್ತವಾಗಿದ್ದರೆ, ಅದು ಹವ್ಯಾಸದ ಎಲ್ಲೆಯನ್ನು ಎಂದೋ ದಾಟಿದೆ ಎಂದೇ ತಿಳಿಯಬೇಕು.